ಅರಿಶಿನ ಕೆಂಪಾದ ಸೀರೆ

ಹಬೆ ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಹೊಡೆಯುತ್ತಿದ್ದ ಆ ವಾಸನೆಯನ್ನು ಏನೆಂದು ಹೇಳಲಿ? ಕೊಳೆತ ಮೊಟ್ಟೆ ಅಂದರೆ ಮೊಟ್ಟೆಗೇ ಅವಮಾನ. ಮೂಗಿನೊಳಗೆ ಉರಿ, ಕಣ್ಣಲ್ಲಿ ದಳದಳ ನೀರು, ಗಂಟಲಲ್ಲಿ ಕೆರೆತ. ಮನೆಗೆ ಹೋಗಿ ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ತಲೆಗೂದಲಿನಿಂದ ಹೋಗುತ್ತಿರಲಿಲ್ಲ. "ಅತ್ಲಾಗೆ ಕೂತ್ಕೊಳೇ, ಊಟ ಸೇರಲ್ಲ" ಎಂದು ನಮ್ಮ ಯಜಮಾನರು ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದರು. ಹೋಗಲಿ ಬಿಡು, ನನಗೇ ನನ್ನ ವಾಸನೆ ಹೇಸಿಗೆಯಾಗುತ್ತಿತ್ತು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯ ಮನೆಮನೆಯಲ್ಲೂ ಮಗ್ಗದ ಸದ್ದು. ಅದರ ಮಧ್ಯೆ ಒಂದು ಹೆಂಚಿನ ಮನೆಯಲ್ಲಿ ಸೀರೆಗೆ ಅಚ್ಚು ಹಾಕುವ ಸಣ್ಣ ಅಂಗಡಿ. ಅಲ್ಲಿದ್ದವರು ಮೂರೇ ಜನ. ಅಂಗಡಿಯ ಸಾಹುಕಾರರು, ಬೆಂಗಳೂರಿನ ಮಿಲ್ಲಿನಲ್ಲಿ ಕೆಲಸ ಮಾಡಿ ಬಂದಿದ್ದ ಪ್ರಿಂಟರ್ ಅಣ್ಣ, ಹಬೆ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದ ನಾನು.

ಬೇರೆ ಅಂಗಡಿಗಳಲ್ಲಿ ಬಟ್ಟೆಯ ಮೇಲೆ ಬಣ್ಣ ಹಚ್ಚುತ್ತಾರೆ. ನಾವು ಬಟ್ಟೆಯ ಬಣ್ಣ ತೆಗೆಯುತ್ತಿದ್ದೆವು. ಮೊದಲೇ ಕಡುಬಣ್ಣದಲ್ಲಿ ಅದ್ದಿದ ಹತ್ತಿ ಸೀರೆಯನ್ನು ಉದ್ದನೆಯ ಮೇಜಿನ ಮೇಲೆ ಬಿಗಿಯಾಗಿ ಹಾಸಿ, ಅದರ ಮೇಲೆ ಹೂವಿನ ಅಚ್ಚು ಬಿಡಿಸಿದ ಜಾಲರಿ ಚೌಕಟ್ಟು, ಅಂದರೆ ಸ್ಕ್ರೀನ್ ಇಟ್ಟು, ರಬ್ಬರ್ ಪಟ್ಟಿಯಿಂದ ಪೇಸ್ಟ್ ಎಳೆಯಬೇಕು. ಪೇಸ್ಟಿನಲ್ಲಿ ಇದ್ದದ್ದು ಗೋಂದು, ಸೋಡ, ಮತ್ತೆ ಡಬ್ಬಿಯಲ್ಲಿ ಬರುತ್ತಿದ್ದ ಒಂದು ಬಿಳಿ ಉಪ್ಪು. ಬಣ್ಣ ತಿನ್ನುವುದು ಆ ಉಪ್ಪೇ. ಎಳೆದಾಗ ಏನೂ ಕಾಣಿಸದು, ಒದ್ದೆ ಕಲೆಯಷ್ಟೇ. ಅದನ್ನು ಒಣಗಿಸಿ, ಹಳೆ ಬಟ್ಟೆಯ ಜೊತೆ ಸುತ್ತಿ ಹಬೆ ಪೆಟ್ಟಿಗೆಯೊಳಗೆ ಇಳಿಬಿಟ್ಟು ಹತ್ತು ಹದಿನೈದು ನಿಮಿಷ ಬೇಯಿಸಿದರೆ ಪೇಸ್ಟ್ ಬಿದ್ದ ಕಡೆಯೆಲ್ಲ ಬಣ್ಣ ಮಾಯವಾಗಿ ಬಿಳಿ ಹೂ ಅರಳುತ್ತಿತ್ತು. ಅದನ್ನು ನೋಡುವುದು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಕೆಲಸ ಅಲ್ಲಿಗೆ ಮುಗಿಯಬಾರದು. ಸೀರೆಯನ್ನು ಗಾಳಿಗೆ ಹರಡಬೇಕು, ತಣ್ಣೀರಿನಲ್ಲಿ ಜಾಲಿಸಿ ಜಾಲಿಸಿ ಗೋಂದು, ಸೋಡ, ಉಪ್ಪು ಎಲ್ಲ ಬಿಡಿಸಬೇಕು, ಕೊನೆಗೆ ಸೋಡ ಮುರಿಯಲು ಒಮ್ಮೆ ಹುಳಿ ನೀರಿನಲ್ಲಿ ಅದ್ದಬೇಕು. ಮಿಲ್ಲಿನಲ್ಲಿ ಹಾಗೇ ಮಾಡುತ್ತಿದ್ದರಂತೆ. ಪ್ರಿಂಟರ್ ಅಣ್ಣ ಬಂದ ಹೊಸತರಲ್ಲೇ ಸಾಹುಕಾರರಿಗೆ ಹೇಳಿದ್ದರು. ಸಾಹುಕಾರರು ನಕ್ಕುಬಿಟ್ಟಿದ್ದರು.

"ನಮ್ಮ ಕಡೆ ಹೊಸ ಸೀರೆ ಯಾರಪ್ಪ ಒಗೆದು ಉಡ್ತಾರೆ? ಸೆರಗಿಗೆ ಅರಿಶಿನ ಹಚ್ಚಿ ಹಂಗೇ ಉಡ್ತಾರೆ. ತೊಳೆದ್ರೆ ಮೆತ್ತಗಾಗತ್ತೆ. ಹೆಂಗಸ್ರು ಬೆರಳಲ್ಲಿ ಹಿಂಗೆ ತಿಕ್ಕಿ ನೋಡಿ, ಇದ್ಯಾರೋ ಉಟ್ಟಿರೋ ಸೀರೆ ಅಂತ ಎದ್ದು ಹೋಗ್ತಾರೆ. ಗೋಂದು ಇದ್ರೆ ಗರಿಗರಿ ಇರತ್ತೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಹೊಸ ಸೀರೆಯನ್ನು ನೀರಿಗೆ ಹಾಕಿದರೆ ಅದು ಹಳೆಯದಾದ ಲೆಕ್ಕ. ಹೀಗಾಗಿ ನಾವು ಬೇಯಿಸಿ, ನೇತುಹಾಕಿ, ಇಸ್ತ್ರಿ ಮಾಡಿ, ಮಡಿಸಿ ಕೊಟ್ಟುಬಿಡುತ್ತಿದ್ದೆವು. ಸಾಹುಕಾರರು ಕಿಟಕಿಗಳನ್ನೂ ಮುಚ್ಚಿಸುತ್ತಿದ್ದರು, ಗಾಳಿ ಬಂದರೆ ಹಬೆಯ ಕಾವು ಇಳಿಯುತ್ತದೆ ಎಂದು. ಆ ಮುಚ್ಚಿದ ಕೋಣೆಯಲ್ಲಿ ನಾನು ಎರಡು ವರ್ಷ ಬೆಂದೆ. ನನ್ನ ಬೆರಳ ಸಂದುಗಳು ಬಿರುಕುಬಿಟ್ಟಿದ್ದವು. ಒಂದು ಸಲ ಅವರಿಗೆ ತೋರಿಸಿದೆ. "ಕೆಲಸ ಅಂದ್ಮೇಲೆ ಅಷ್ಟೇ ಕಣಮ್ಮ, ಕೊಬ್ಬರಿ ಎಣ್ಣೆ ಹಚ್ಕೋ" ಎಂದರು.

ಹೀಗಿರುವಾಗ ಹತ್ತಿರದ ವಿಜಯಪುರದಿಂದ ಒಂದು ಮದುವೆ ಆರ್ಡರು ಬಂತು. ಹುಡುಗಿಯ ಮನೆಯವರು ರೇಷ್ಮೆ ನೂಲು ತೆಗೆಯುವವರು. ಮನೆ ತುಂಬ ರೇಷ್ಮೆ ಇದ್ದರೂ ಅದು ಮಾರುವುದಕ್ಕೆ, ಉಡುವುದಕ್ಕಲ್ಲ. ಮದುಮಗಳಿಗೆ ಎರಡು, ಗಂಡಿನ ಕಡೆಯ ಹೆಂಗಸರಿಗೆ ಕೊಡಲು ಎಂಟು, ಎಲ್ಲವೂ ಒಂದೇ ಥರ. ಕುಂಬಳಕಾಯಿ ಬೀಜದಷ್ಟು ಸಣ್ಣ ಬಿಳಿ ಮೊಗ್ಗು, ಕಡುಗೆಂಪು ನೆಲ, ಅಂಚಿಗೂ ಸೆರಗಿನ ತುದಿಗೂ ಅದೇ ಪೇಸ್ಟಿನಲ್ಲಿ ಬಿಡಿಸಿದ ಬಿಳಿ ಪಟ್ಟಿ. ಸಾಹುಕಾರರು ಇನ್ನೂ ಒಂದಿಷ್ಟು ಅಂಗಡಿಗೂ ಇರಲಿ ಎಂದು ಅದೇ ಅಚ್ಚಿನಲ್ಲಿ ಸೇರಿಸಿದರು.

ಆ ವಾರ ಪೂರ್ತಿ ಜಿಟಿಜಿಟಿ ಮಳೆ. ಸೌದೆಯೆಲ್ಲ ಹಸಿ. ಊದಿ ಊದಿ ಕಣ್ಣು ಕೆಂಪಾದವೇ ಹೊರತು ಹಬೆ ಬಲವಾಗಿ ಏಳಲಿಲ್ಲ. ಪೆಟ್ಟಿಗೆ ತೆಗೆದು ನೋಡಿದರೆ ಹೂಗಳು ಬಿಳಿಯಾಗದೆ ಹಳೆಯ ಹಲ್ಲಿನ ಬಣ್ಣಕ್ಕೆ ನಿಂತಿದ್ದವು. ಇನ್ನೊಂದು ದಿನ ತಡೆದು, ಒಣ ಸೌದೆ ತರಿಸಿ, ಮತ್ತೊಮ್ಮೆ ಸರಿಯಾಗಿ ಬೇಯಿಸೋಣ ಎಂದರು ಪ್ರಿಂಟರ್ ಅಣ್ಣ.

"ದಿನ ಎಲ್ಲಿದೆಯಪ್ಪ? ಪೇಸ್ಟಿಗೆ ಇನ್ನೊಂಚೂರು ಉಪ್ಪು, ಸೋಡ ಬಿಗಿಯಾಗಿ ಹಾಕಿ ಅದರ ಮೇಲೇ ಇನ್ನೊಂದು ಕೈ ಎಳೆದ್ಬಿಡು" ಎಂದರು ಸಾಹುಕಾರರು.

ಎಳೆದರು. ಅದೇ ಅರೆಬರೆ ಹಬೆಯಲ್ಲಿ ನಾನು ಮತ್ತೆ ಬೇಯಿಸಿದೆ. ಹೂವೇನೋ ಬೆಳ್ಳಗಾಯಿತು. ಆದರೆ ಸೀರೆಗಳು ಗಬ್ಬು ನಾರುತ್ತಿದ್ದವು. ಎರಡು ದಿನ ನೇತುಹಾಕಿದರೂ ಆ ನಾತ ಹೋಗಲಿಲ್ಲ. ಕೊನೆಗೆ ಸಾಹುಕಾರರು ಮನೆಯಿಂದ ಸಾಂಬ್ರಾಣಿ ತಂದರು. ಬುಟ್ಟಿ ಬೋರಲು ಹಾಕಿ, ಒಳಗೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮೇಲೆ ಸೀರೆ ಹರಡಿ ಹೊಗೆ ಕೊಡು ಎಂದರು. ಬಾಣಂತಿಯ ಕೂದಲಿಗೆ, ಎಳೆ ಮಗುವಿನ ಬಟ್ಟೆಗೆ ಕೊಡುವ ಹೊಗೆ ಅದು. ಅದನ್ನು ಆ ನಾತದ ಮೇಲೆ ಹೊದಿಸಿದೆವು. ಥೂ! ಆದರೂ ಹತ್ತು ಸೀರೆಗೂ ಹೊಗೆ ಕೊಟ್ಟವಳು ನಾನೇ, ಮಡಿಸಿ ಕಾಗದದಲ್ಲಿ ಸುತ್ತಿದವಳೂ ನಾನೇ.

ಮದುವೆಯಾಗಿ ಒಂದು ತಿಂಗಳಾಗಿರಬಹುದು. ಒಂದು ಮಧ್ಯಾಹ್ನ ಹುಡುಗಿಯ ತಾಯಿ ಅಂಗಡಿಗೆ ಬಂದರು. ಕಂಕುಳಲ್ಲಿ ಗಂಟು. ಬಿಚ್ಚಿದರೆ ನಮ್ಮದೇ ಸೀರೆ.

"ಸಾಹುಕಾರ್ರೇ, ಇದನ್ನ ವಾಪಸ್ ಇಟ್ಕೊಳಿ. ನಂಗೇನೂ ಕೊಡ್ಬೇಡಿ. ಈ ಸೀರೆ ನಮ್ಮನೇಲಿ ಇರ್ಬಾರ್ದು ಅಷ್ಟೇ."

"ಯಾಕಮ್ಮಾ, ಏನಾಯ್ತು?"

ಆಕೆ ಮೆಟ್ಟಿಲ ಮೇಲೇ ಕುಳಿತು ಹೇಳಿದರು. ಮದುವೆಯ ದಿನ ಉಟ್ಟ ಮಾರನೆಯ ದಿನವೇ ಹುಡುಗಿಗೆ ಸೊಂಟದ ಸುತ್ತ ಉರಿ, ತುರಿಕೆ. ನೆರಿಗೆ ಸಿಕ್ಕಿಸುವ ಕಡೆ ಗುಳ್ಳೆ ಎದ್ದು ನೀರು ಸೋರಿತು. ಮೂರು ದಿನ ಕಳೆದು ಬೀಗರೂಟ ಆಯಿತು. ಅದಾದ ಮೇಲೆ ಅತ್ತೆಗೂ ಅದೇ ಗುಳ್ಳೆ. "ಇಸುಬು ಇರೋ ಹುಡುಗೀನ ಮುಚ್ಚಿಟ್ಟು ನಮ್ಮನೆಗೆ ತಂದು ಕಟ್ಟಿದ್ರಿ, ಈಗ ನನಗೂ ಅಂಟಿಸಿದ್ಲು" ಎಂದು ಅತ್ತೆ ಹುಡುಗಿಯನ್ನು ತವರಿಗೆ ಅಟ್ಟಿದ್ದರು. ಅಳಿಯ ಒಂದು ಮಾತೂ ಆಡಿರಲಿಲ್ಲ. ಬರುವ ಸೋಮವಾರ ಎರಡೂ ಕಡೆಯ ಹಿರಿಯರು ಕೂತು ಸಂಬಂಧ ಹರಿದು ಹಾಕುವ ಮಾತು ನಡೆದಿತ್ತು.

"ಸೀರೆ ಉಡೋವಾಗ್ಲೇ ಗೊತ್ತಾಗ್ಬೇಕಿತ್ತು ನಂಗೆ. ನೋಡಿ ಇಲ್ಲಿ. ಸೆರಗಿಗೆ ಹಚ್ಚಿದ ಅರಿಶಿನ ಕೆಂಪಾಗೋಯ್ತು. ರಕ್ತದ ಥರ. ಅಪಶಕುನ ಅಂತ ಬೀಗಿತ್ತಿ ಅವತ್ತೇ ಮುಖ ಸಿಂಡರಿಸ್ಕೊಂಡಿದ್ರು."

ಸಾಹುಕಾರರು ಸೀರೆಯನ್ನು ಮುಟ್ಟಲೂ ಇಲ್ಲ. "ಇಷ್ಟು ಜನಕ್ಕೆ ಕೊಟ್ಟಿದೀವಿ, ಒಬ್ರೂ ಹಿಂಗಂದಿಲ್ಲ. ನಿಮ್ಮ ಹುಡುಗಿ ಮೈ ಉಷ್ಣ ಇರ್ಬೇಕು. ಎಳನೀರು ಕುಡಿಸಿ. ಉಟ್ಟಿರೋ ಸೀರೆ ನಾವು ವಾಪಸ್ ಇಟ್ಕೊಳಲ್ಲಮ್ಮ" ಎಂದರು. ಆಕೆ ಗಂಟು ಕಟ್ಟಿಕೊಂಡು, ಕಣ್ಣೊರೆಸಿಕೊಂಡು ಬಸ್‌ಸ್ಟ್ಯಾಂಡ್ ಕಡೆ ನಡೆದರು. ನಾನು ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ.

ಆದರೆ ಆ ಕೆಂಪು ನನ್ನ ಕಣ್ಣಿಗೆ ಕಟ್ಟಿತ್ತು. ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿ ಕೆಂಪಾಗುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಆರತಿ ತಟ್ಟೆಗೆ ದಿನಾ ಕಲಸುವವರು ನಾವು. ಸೀರೆಯಲ್ಲಿ ಸುಣ್ಣ ಎಲ್ಲಿಂದ ಬರಬೇಕು? ಸುಣ್ಣದಂಥದ್ದು ಇದ್ದರೆ ಅದು ನಮ್ಮ ಸೋಡ, ಈ ಸಲವಂತೂ ಎರಡು ಕೈ ಬಿದ್ದದ್ದು. ಅಂದರೆ ಬಿಳಿ ಉಪ್ಪೂ ಅಲ್ಲೇ ಕೂತಿದೆ. ಬೆವರು ತಾಗಿದ ಕಡೆ ಮೈ ಸುಟ್ಟಿದೆ.

ದೇವರ ಪಟದ ಮುಂದಿದ್ದ ಅರಿಶಿನವನ್ನು ನೀರಿನಲ್ಲಿ ಕಲಸಿ, ಅದೇ ಅಚ್ಚಿನಲ್ಲಿ ಅಂಗಡಿಗೆಂದು ಉಳಿಸಿಕೊಂಡಿದ್ದ ಸೀರೆಯ ಅಂಚಿಗೆ ಹಚ್ಚಿದೆ. ನಾನು ನೋಡುನೋಡುತ್ತಿದ್ದಂತೆ ಕೆಂಪಾಯಿತು. ಇನ್ನೊಂದಕ್ಕೆ ಹಚ್ಚಿದೆ, ಅದೂ ಕೆಂಪು. ಅಚ್ಚು ಬೀಳದ ಬಿಳಿ ಬಟ್ಟೆಗೆ ಹಚ್ಚಿದರೆ ಹಳದಿ ಹಳದಿಯಾಗಿಯೇ ನಿಂತಿತು. ಪ್ರಿಂಟರ್ ಅಣ್ಣನನ್ನು ಕರೆದು ತೋರಿಸಿದೆ. ಅವರು ತಲೆಯ ಮೇಲೆ ಕೈ ಹೊತ್ತುಕೊಂಡರು.

"ಹೇಳಿದ್ನಲ್ಲಮ್ಮ ನಾನು. ತೊಳೀಬೇಕು ಅಂತ ಬಂದ ದಿನಾನೇ ಹೇಳಿದ್ನಲ್ಲ."

"ಹೇಳಿ ಸುಮ್ನಾದ್ರಲ್ಲ ಅಣ್ಣ. ನಾನು ಹೇಳ್ಲೂ ಇಲ್ಲ" ಎಂದೆ.

ಮಾರನೆಯ ದಿನ ನಾವಿಬ್ಬರೂ ಹಟ ಹಿಡಿದು ಒಂದು ಸೀರೆ ತೊಳೆದೆವು. ಬೇಗ ಬಿಡಲಿ ಎಂದು ಅವಸರಕ್ಕೆ ಬಿಸಿ ಸೋಪಿನ ನೀರಿಗೇ ಹಾಕಿಬಿಟ್ಟೆ. ನೆಲದ ಕೆಂಪು ಬಣ್ಣ ಕರಗಿ ಹೂಗಳಿಗೆ ಹತ್ತಿ, ಬಿಳಿ ಮೊಗ್ಗೆಲ್ಲ ಗುಲಾಬಿ ಗುಲಾಬಿಯಾಗಿ ರಾಡಿ ಎದ್ದುಹೋಯಿತು. ಸಾಹುಕಾರರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ನೋಡಮ್ಮ ನಿನ್ನ ತೊಳೆಯೋ ವಿದ್ಯೆ!" ಎಂದು ಬೀದಿಯವರಿಗೆಲ್ಲ ಕೇಳುವಂತೆ ನಕ್ಕರು. ನನಗೆ ಅವಮಾನಕ್ಕಿಂತ ಅಸಹ್ಯವೇ ಹೆಚ್ಚಾಯಿತು. ಅಲ್ಲೊಬ್ಬಳು ಹುಡುಗಿ ಬಾಳು ಕಳೆದುಕೊಂಡು ಕೂತಿದ್ದಾಳೆ, ಇವರಿಗೆ ನಗು.

ಎರಡನೆಯ ಸಲ ಪ್ರಿಂಟರ್ ಅಣ್ಣ ಇನ್ನೊಂದು ಸೀರೆಗೆ ಹೊಸದಾಗಿ ಪೇಸ್ಟ್ ಎಳೆದು, ತಾವೇ ನಿಂತು ಮಾಡಿಸಿದರು. ಮೊದಲು ಕಿಟಕಿಗಳ ಬಾಗಿಲು ತೆಗೆಸಿದರು. ಪೆಟ್ಟಿಗೆಯ ಮೇಲಿಂದ ಹೆಂಚಿನಾಚೆಗೆ ತಗಡಿನ ಕೊಳವೆ ಏರಿಸಿದರು. ಒಣ ಸೌದೆ ಹಾಕಿ, ಹಬೆ ಬುಸುಬುಸು ಎಂದು ತುಂಬಿ ಬರುವವರೆಗೆ ಸೀರೆ ಇಳಿಸಬೇಡ ಎಂದರು. ಹದಿನೈದು ನಿಮಿಷ ಪೂರ್ತಿ ಬೇಯಿಸಿದೆವು. ಗಾಳಿಗೆ ಹರಡಿ, ನಾತ ಇಳಿದ ಮೇಲೆ ತಣ್ಣೀರು. ಬಣ್ಣ ಬಿಡದಿರಲಿ ಎಂದು ಅದಕ್ಕೆ ಹಿಡಿ ಅಡುಗೆ ಉಪ್ಪು. ಮೂರು ಸಲ ನೀರು ಬದಲಾಯಿಸಿ, ಪ್ರತಿ ಸಲವೂ ಅಂಚಿಗೆ ಅರಿಶಿನ ಹಚ್ಚಿ ನೋಡಿದೆ. ಮೊದಲ ನೀರಿಗೆ ಕೆಂಪು, ಎರಡನೆಯದಕ್ಕೆ ಇಟ್ಟಿಗೆ ಬಣ್ಣ, ಮೂರನೆಯದಕ್ಕೆ ಮಾಸಲು. ಹುಳಿ ನೀರಿನಲ್ಲಿ ಅದ್ದಿ, ಮತ್ತೊಮ್ಮೆ ಜಾಲಿಸಿದ ಮೇಲೆ ಹಚ್ಚಿದ ಅರಿಶಿನ ಹಳದಿಯಾಗಿಯೇ ಉಳಿಯಿತು. ಹೂ ಬೆಳ್ಳಗೇ ಇತ್ತು. ನಾನು ಮನೆಯಿಂದ ಅನ್ನದ ಗಂಜಿ ತಂದು ತೆಳ್ಳಗೆ ಹಾಕಿ ಒಣಗಿಸಿ ಇಸ್ತ್ರಿ ಮಾಡಿದೆ. ಗರಿಗರಿ, ಯಾರು ತಿಕ್ಕಿ ನೋಡಿದರೂ ಹೊಸ ಸೀರೆಯೇ.

ಅದನ್ನು ಸಾಹುಕಾರರ ಮುಂದೆ ಇಟ್ಟೆ. ಅವರು ತಿಕ್ಕಿ ನೋಡಿದರು, ಮೂಸಿ ನೋಡಿದರು.

"ಚೆನ್ನಾಗಿದೆ. ಇನ್ಮೇಲೆ ಬೇಕಾದ್ರೆ ಹಿಂಗೇ ಮಾಡಿ, ನಂದೇನೂ ಅಡ್ಡಿಯಿಲ್ಲ."

"ಆ ವಿಜಯಪುರದ ಹುಡುಗಿ ಮನೇವ್ರಿಗೆ ಹೇಳ್ಬೇಕಲ್ಲ ಸಾಹುಕಾರ್ರೇ. ಸೋಮವಾರ ಹಿರಿಯರು ಕೂರ್ತಾರಂತೆ."

ಅವರ ಮುಖ ಗಂಟಾಯಿತು. "ನೋಡಮ್ಮ, ಆಗಿದ್ದು ಆಗೋಯ್ತು. ಅವರ ಮನೆ ಜಗಳ ಅವರು ನೋಡ್ಕೋತಾರೆ. ನೀನು ಹೋಗಿ ಬಾಯಿ ಬಿಟ್ರೆ ನಾಳೆ ಈ ಬೀದೀಲಿ ನಮ್ಮ ಸೀರೆ ಒಬ್ರೂ ಮುಟ್ಟಲ್ಲ. ಹೋಗೋದಿದ್ರೆ ವಾಪಸ್ ಇಲ್ಲಿಗೆ ಬರ್ಬೇಡ."

ಅವರನ್ನು ಕಂಡು ನನಗೆ ಉಗಿಯಬೇಕು ಅನ್ನಿಸಿತು. ಆದರೆ ಉಗಿದರೆ ಯಾರ ಮೇಲೆ ಉಗಿಯುವುದು? ಶುಕ್ರವಾರ ಸುಮ್ಮನಿದ್ದೆ. ಶನಿವಾರವೂ ಬಾಯಿ ಮುಚ್ಚಿಕೊಂಡು ಪೆಟ್ಟಿಗೆಯ ಒಲೆಗೆ ಸೌದೆ ತುಂಬಿದೆ. ಕೆಲಸ ಹೋದರೆ ಅನ್ನುವ ಭಯ ಇತ್ತು, ಇಲ್ಲ ಎನ್ನಲಾರೆ. ಅದಕ್ಕಿಂತ, ಹೋಗಿ ಏನೆಂದು ಹೇಳುವುದು? ನಾನೇ ಬೇಯಿಸಿದೆ, ನಾನೇ ಸಾಂಬ್ರಾಣಿ ಹಾಕಿದೆ ಎಂದು ಹೇಳಬೇಕಲ್ಲ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಅರಿಶಿನದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಸಾಸಲಿನ ಬಸ್ಸು ಹತ್ತಿದೆ. ಆ ಹುಡುಗಿಯ ಅತ್ತೆಯ ಮನೆ ಆ ಕಡೆಯ ಹಳ್ಳಿಯಲ್ಲಿ ಎಂದು ಆರ್ಡರು ಬಂದಾಗಲೇ ಕೇಳಿದ್ದೆ. ಹುಡುಗಿಯನ್ನು ಅಟ್ಟಿದವರು ಅವರು, ಒಪ್ಪಬೇಕಾದವರೂ ಅವರೇ.

ಆಕೆ ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದರು. ಗಟ್ಟಿ ಹೆಂಗಸು. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಜಮೀನು ನೋಡಿಕೊಂಡು ಮಗನನ್ನು ಬೆಳೆಸಿದವರು.

"ಯಾರವ್ವಾ ನೀನು?"

"ದೊಡ್ಡಬಳ್ಳಾಪುರದೋಳು ಕಣಮ್ಮ. ನಿಮ್ಮ ಸೊಸೆ ಮದುವೆ ಸೀರೆ ಅಚ್ಚು ಹಾಕಿದ್ದು ನಮ್ಮಂಗಡೀಲಿ."

"ಆ ಸುದ್ದಿ ಎತ್ತಬೇಡ. ನಾಳೆ ಹರೀತದೆ ಅದು."

"ಹರಿಯೋಕ್ ಮುಂಚೆ ಒಂದೇ ಒಂದು ಮಾತು. ಬೀಗರೂಟದ ದಿನ ನೀವು ಯಾವ ಸೀರೆ ಉಟ್ಟಿದ್ರಿ?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅವರು ಕೊಟ್ಟಿದ್ದೇ ಉಟ್ಟೆ. ಮರ್ಯಾದೆಗೆ ಉಡಬೇಕಲ್ಲ. ಮಿಕ್ಕೋರೆಲ್ಲ ಹಬ್ಬಕ್ಕೆ ಅಂತ ಎತ್ತಿಟ್ಟವ್ರೆ."

"ಒಗೆದಿದೀರಾ?"

"ಒಂದೇ ದಪ ಉಟ್ಟಿದ್ದು. ಮೈ ಉರಿ ಶುರುವಾಯ್ತು, ಬಿಚ್ಚಿ ಪೆಟ್ಟಿಗೆಗೆ ಎಸೆದೆ. ಯಾಕೆ?"

ಆ ಸೀರೆ ತನ್ನಿ ಎಂದು ತರಿಸಿದೆ. ಅದೇ ಕಡುಗೆಂಪು, ಅದೇ ಮೊಗ್ಗು. ಮೂಗಿಗೆ ಹಿಡಿದರೆ ಸಾಂಬ್ರಾಣಿ ಹೋಗಿ ನಮ್ಮ ಹಬೆ ಪೆಟ್ಟಿಗೆಯ ನಾತ ಮಾತ್ರ ಉಳಿದಿತ್ತು. ಗಂಡ ಹೋದ ಮೇಲೆ ಆಕೆ ತಮ್ಮ ಸೀರೆಗೆ ಅರಿಶಿನ ಹಚ್ಚುತ್ತಿರಲಿಲ್ಲ, ಹಾಗಾಗಿ ಸೆರಗಿನ ತುದಿ ಹಾಗೇ ಇತ್ತು. ನಾನು ಅರಿಶಿನ ಕಲಸಿ ಮೊದಲು ನನ್ನ ಸೆರಗಿಗೆ ಹಚ್ಚಿದೆ, ಹಳದಿ. ಆಮೇಲೆ ಅವರ ಸೀರೆಗೆ ಹಚ್ಚಿದೆ.

ಕೆಂಪಾಯಿತು.

"ಇದ್ರಲ್ಲಿ ಸುಣ್ಣದಂಥ ಸೋಡ ಇದೆ ಅಮ್ಮ. ಬಣ್ಣ ತಿನ್ನೋ ಉಪ್ಪಿದೆ. ಬೇಯಿಸಿದ್ಮೇಲೆ ತೊಳೀಬೇಕಿತ್ತು, ತೊಳೀಲಿಲ್ಲ. ನಿಮ್ಮ ಸೊಸೆ ಇದನ್ನೇ ಉಟ್ಟಿದ್ದು. ಆ ಹುಡುಗೀಗೆ ಯಾವ ಇಸುಬೂ ಇಲ್ಲ. ನಿಮಗೆ ಅವಳು ಅಂಟಿಸಿದ್ದಲ್ಲ, ನಾವು ಅಂಟಿಸಿದ್ದು. ಈ ಸೀರೆ ಬೇಯಿಸಿದೋಳು ನಾನೇ."

ಆಕೆ ಸೆರಗಿನ ಆ ಕೆಂಪನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿದರು. ಆಮೇಲೆ ನನ್ನನ್ನು ಬೈದರು. ಎಂಥ ಬೈಗುಳ! ನಮ್ಮ ಸಾಹುಕಾರರ ವಂಶ, ನಮ್ಮ ಊರು, ನನ್ನ ಕೈ, ಒಂದನ್ನೂ ಬಿಡಲಿಲ್ಲ. ನಾನು ತಲೆ ಬಗ್ಗಿಸಿ ನಿಂತೆ. ಬೈದು ಸುಸ್ತಾಗಿ ಆಕೆ ಮೊರವನ್ನು ಅತ್ತ ಸರಿಸಿ, "ಆ ಮಗೀನ ಏನೇನಂದ್ಬಿಟ್ಟೆ ನಾನು. ಮುಟ್ಟಬೇಡ, ಒಲೆ ಹತ್ರ ಬರಬೇಡ ಅಂದೆ. ತಟ್ಟೆ ಬೇರೆ ಇಟ್ಟೆ" ಎಂದರು. ಎದ್ದು ಆ ಸೀರೆಯನ್ನು ಮಡಿಸುತ್ತಾ, "ನಾಳೆ ಬೆಳಿಗ್ಗೆ ನಾನೇ ವಿಜಯಪುರಕ್ಕೆ ಹೋಯ್ತೀನಿ. ನೀನೂ ಬಾ. ನನ್ನ ಬಾಯಲ್ಲಿ ಇದನ್ನ ಹೇಳಕ್ಕಾಗಲ್ಲ" ಎಂದರು.

ಸೋಮವಾರ ಹಿರಿಯರು ಬರುವ ಮೊದಲೇ ನಾವಿಬ್ಬರೂ ಹುಡುಗಿಯ ಮನೆಯಲ್ಲಿದ್ದೆವು. ಅಲ್ಲೂ ಅರಿಶಿನ ಕಲಸಿ ತೋರಿಸಿದೆ, ಅಲ್ಲೂ ನಾನೇ ಬೇಯಿಸಿದ್ದು ಎಂದೆ. ಹುಡುಗಿಯ ತಾಯಿ ಗೋಡೆಗೆ ಒರಗಿ ಗಳಗಳ ಅತ್ತುಬಿಟ್ಟರು. ಅತ್ತೆ ಸೊಸೆಯ ಕೈ ಹಿಡಿದುಕೊಂಡು, "ತಪ್ಪಾಯ್ತು ಕಣವ್ವಾ, ಬಾ ಮನೆಗೆ" ಎಂದರು. ಹುಡುಗಿ ಮಾತ್ರ ಅಳಲಿಲ್ಲ, ನಗಲೂ ಇಲ್ಲ. ಹತ್ತೊಂಬತ್ತು ವರ್ಷ ಇರಬಹುದು. ಸೊಂಟಕ್ಕೆ ತಾಗದಂತೆ ಹಳೆಯ ಲಂಗವನ್ನು ಸಡಿಲವಾಗಿ ಕಟ್ಟಿಕೊಂಡಿದ್ದಳು. ಒಳಗೆ ಹೋಗಿ ತನ್ನ ಬಟ್ಟೆಗಳನ್ನು ಜೋಡಿಸಿಕೊಂಡು ಟ್ರಂಕು ತಂದಳು. ಬಾಗಿಲ ಹತ್ತಿರ ನಾನು ನಿಂತಿದ್ದೆ. ನನ್ನ ಮುಂದೆ ಬಂದು ನಿಂತಳು.

"ಅಕ್ಕಾ, ಒಂದು ಕೇಳ್ಲಾ?"

"ಕೇಳಮ್ಮ."

"ನಿಮ್ಮಂಗಡಿ ಸೀರೆ ನೀವು ಉಡ್ತೀರಾ?"

ಎರಡು ವರ್ಷದಲ್ಲಿ ಸಾಹುಕಾರರು ಹಬ್ಬಕ್ಕೆಂದು ಕೊಟ್ಟ ಸೀರೆಗಳಲ್ಲಿ ಒಂದನ್ನೂ ನಾನು ಉಟ್ಟಿರಲಿಲ್ಲ. ಎಲ್ಲ ಯಾರು ಯಾರಿಗೋ ಕೊಟ್ಟುಬಿಟ್ಟಿದ್ದೆ. ಯಾಕೆ ಕೊಟ್ಟೆ ಎಂದು ಆ ಹುಡುಗಿ ಕೇಳುವವರೆಗೆ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

"ಇಲ್ಲಮ್ಮ" ಎಂದೆ.

ಅವಳು "ಹೂಂ" ಎಂದು ತಲೆಯಾಡಿಸಿ, ಟ್ರಂಕು ಎತ್ತಿಕೊಂಡು ಅತ್ತೆಯ ಹಿಂದೆ ಮೆಟ್ಟಿಲಿಳಿದಳು. ಬೀದಿಯ ತಿರುವಿನವರೆಗೂ ನೋಡುತ್ತಿದ್ದೆ. ತಾಯಿಯ ಕಡೆ ಎರಡು ಸಲ ತಿರುಗಿ ಕೈಯಾಡಿಸಿದಳು, ನನ್ನ ಮುಖ ನೋಡಲಿಲ್ಲ.